ಪೂಕ್ಕೊ ಚೂರಿ ಕೈಯಲ್ಲಿ ಮಾಡುವುದು: ಬೆವೆಲ್, ಹದ, ಬರ್ಚ್ ತೊಗಟೆಯ ಹಿಡಿ

ಕುಲುಮೆಕಿಡಿ:
ಫಿನ್ಲೆಂಡಿನ ಪೂಕ್ಕೊವನ್ನು ಅದರ ಮೂಲ ಕಟ್ಟುವಿಕೆಯಲ್ಲೇ ಮಾಡುವ ಯೋಜನೆ ಇದು. ಅಲಗು 90 ಮಿ.ಮೀ. ಉದ್ದ, 20 ಮಿ.ಮೀ. ಅಗಲ. ಉಕ್ಕು 80ಸಿಆರ್‌ವಿ2, 4 ಮಿ.ಮೀ. ದಪ್ಪದ ಪಟ್ಟಿ. ಬೆನ್ನು ನೇರ, ಬೆರಳಿಗೆ ಅಡ್ಡತಡೆ ಇಲ್ಲ. ಬಾಲ, ಅಂದರೆ ಟ್ಯಾಂಗ್, ಹಿಡಿಯ ಉದ್ದಕ್ಕೂ ಹಾದು ಹಿಂದೆ ಹೊರಬರುತ್ತದೆ; ಅಲ್ಲಿ ಹಿತ್ತಾಳೆ ಬಿಲ್ಲೆ ಕೂರಿಸಿ ತುದಿಯನ್ನು ಬಡಿದು ಅಗಲ ಮಾಡುವುದು. ಹಿಡಿ ಬರ್ಚ್ ತೊಗಟೆಯ ಚೂರುಗಳನ್ನು ಪೋಣಿಸಿದ್ದು, ಫಿನ್ನರು ತುಓಹಿ ಅನ್ನುತ್ತಾರೆ.

ಇತ್ಯರ್ಥ ಆಗಬೇಕಾದ್ದು ಮೂರು. 4 ಮಿ.ಮೀ. ದಪ್ಪಕ್ಕೆ ಬೆವೆಲ್, ಅಂದರೆ ಅಂಚಿನ ಕಡೆಗೆ ಇಳಿಜಾರಾಗಿ ಉಜ್ಜಿದ ಬದಿ, ಎಷ್ಟು ಎತ್ತರ ಇರಬೇಕು? ಉಷ್ಣತೆ ತೋರಿಸುವ ವಿದ್ಯುತ್ ಗೂಡು ಇಲ್ಲದೆ, ಬರೀ ಗ್ಯಾಸ್ ಕುಲುಮೆಯಲ್ಲಿ ಹದ ಹಾಕುವಾಗ, ಅಂದರೆ ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವಾಗ, ಯಾವ ಗುರುತು ನಂಬಬೇಕು? ತೊಗಟೆ ಹಿಡಿಗಳು ಕೆಲವು ತಿಂಗಳಾದ ಮೇಲೆ ಸಡಿಲವಾಗಿ ಬೊಲ್‌ಸ್ಟರ್ (ಅಲಗಿಗೂ ಹಿಡಿಗೂ ನಡುವಿನ ಲೋಹದ ತುಂಡು) ಹತ್ತಿರ ಸಂದು ಬಿಡುತ್ತವಲ್ಲ, ಅದಕ್ಕೆ ನಿಜವಾದ ಕಾರಣ ಏನು?

ಸಾಣೆಕಲ್ಲು:
ಮೊದಲನೆಯದಕ್ಕೆ ಊಹೆ ಬೇಡ, ಲೆಕ್ಕವೇ ಇದೆ. ಬೆವೆಲ್ ಶುರುವಾಗುವ ಗೆರೆಯಲ್ಲಿ ಅಲಗಿನ ದಪ್ಪ ಎಷ್ಟೋ ಅದರ ಅರ್ಧವನ್ನು ಬೆವೆಲ್‌ನ ಎತ್ತರದಿಂದ ಭಾಗಿಸಿ. ಬಂದದ್ದು ಒಂದು ಬದಿಯ ಕೋನದ ಟ್ಯಾಂಜೆಂಟ್. 4 ಮಿ.ಮೀ. ದಪ್ಪ, 10 ಮಿ.ಮೀ. ಎತ್ತರ: 2 ಭಾಗಿಸು 10, ಅಂದರೆ 0.2, ಕೋನ 11.3 ಡಿಗ್ರಿ. ಎರಡೂ ಬದಿ ಸೇರಿ 22.6. ಮರ ಕೆತ್ತುವ ಚೂರಿಗೆ ಇದು ಸರಿಯಾದ ಜಾಗ. 8 ಮಿ.ಮೀ.ಗೆ ನಿಲ್ಲಿಸಿದರೆ ಒಟ್ಟು 28 ಡಿಗ್ರಿ: ಅಂಚು ಗಟ್ಟಿ, ಆದರೆ ಮರದೊಳಗೆ ಇಳಿಯುವ ಬದಲು ಸೀಳುತ್ತದೆ. 12ಕ್ಕೆ ಏರಿಸಿದರೆ ಒಟ್ಟು 19: ಮೆತ್ತನೆ ಮರದಲ್ಲಿ ಸೊಗಸು, ಒಣ ಗಂಟು ಸಿಕ್ಕರೆ ಅಂಚು ಮುರಿದೀತು. 3 ಮಿ.ಮೀ. ಪಟ್ಟಿ ಸಿಕ್ಕರೆ 7.5 ಮಿ.ಮೀ. ಎತ್ತರಕ್ಕೇ ಅದೇ 22.6 ಬರುತ್ತದೆ, ಅರ ಹಾಕುವ ಕೆಲಸವೂ ಎಷ್ಟೋ ಕಡಿಮೆ. ಮೊದಲ ಚೂರಿಗೆ 3 ಮಿ.ಮೀ. ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಅಂಚಿನ ನಡುಗೆರೆ ಹಾಕಲು 4 ಮಿ.ಮೀ. ಪಟ್ಟಿಗೆ 4 ಮಿ.ಮೀ. ಡ್ರಿಲ್ ಬಿಟ್ ತೆಗೆದುಕೊಂಡು, ಪಟ್ಟಿಯನ್ನೂ ಬಿಟ್ಟನ್ನೂ ಒಂದೇ ಸಮತಟ್ಟಾದ ಕಲ್ಲಿನ ಮೇಲೆ ಮಲಗಿಸಿ. ಬಿಟ್ಟಿನ ಮೊನೆ ತಾನಾಗಿಯೇ ನಡುಮಧ್ಯದ ಎತ್ತರದಲ್ಲಿರುತ್ತದೆ. ಅಂಚಿಗೆ ಮಾರ್ಕರ್ ಬಳಿದು ಮೊನೆಯಿಂದ ಒಮ್ಮೆ ಗೀರಿ, ಪಟ್ಟಿಯನ್ನು ತಿರುವಿ ಮತ್ತೊಮ್ಮೆ ಗೀರಿ. ಎರಡು ಗೆರೆ ಬಿದ್ದರೆ ಅವುಗಳ ನಡುವೆ ನಿಜವಾದ ಮಧ್ಯ ಇದೆ.

ಹದಕ್ಕೆ ಮುಂಚೆ ಅಂಚನ್ನು ಪೂರ್ತಿ ತೆಳುಮಾಡಬೇಡಿ, 0.5 ಮಿ.ಮೀ. ಉಳಿಸಿ. ತೆಳು ಅಂಚು ಉಳಿದ ಅಲಗಿಗಿಂತ ಬೇಗ ಕಾಯುತ್ತದೆ, ಮೇಲ್ಪದರದ ಇಂಗಾಲ ಸುಟ್ಟುಹೋಗುತ್ತದೆ, ಎಣ್ಣೆಗೆ ಇಳಿಸಿದಾಗ ಅಲೆಯಲೆಯಾಗಿ ಸುಕ್ಕಾಗುತ್ತದೆ. ಆ ಅಲೆಯನ್ನು ಆಮೇಲೆ ನೇರ ಮಾಡಲು ಸಾಧ್ಯವಿಲ್ಲ, ಅಷ್ಟೂ ಭಾಗ ಉಜ್ಜಿ ತೆಗೆಯಬೇಕು.

ಹದಗಾರ:
80ಸಿಆರ್‌ವಿ2 ಆರಿಸಿದ್ದು ಒಳ್ಳೆಯದಾಯಿತು. ಇಂಗಾಲ ಸುಮಾರು ಶೇ. 0.8, ಕ್ರೋಮಿಯಂ 0.5, ವೆನೇಡಿಯಂ 0.2ರ ಆಸುಪಾಸು. ಆ ಚಿಟಿಕೆ ವೆನೇಡಿಯಂ ಉಕ್ಕಿನ ಕಣಗಳು ದಪ್ಪವಾಗದಂತೆ ಹಿಡಿದಿಡುತ್ತದೆ, ಹಾಗಾಗಿ ಗ್ಯಾಸ್ ಕುಲುಮೆಯಲ್ಲಿ ಬಿಸಿ ಸ್ವಲ್ಪ ಆಚೀಚೆ ಆದರೂ ಕ್ಷಮೆ ಉಂಟು.

ಅಯಸ್ಕಾಂತವನ್ನು ನಂಬಿ, ಆದರೆ ಅಲ್ಲೇ ನಿಲ್ಲಬೇಡಿ. ಉಕ್ಕು ಅಯಸ್ಕಾಂತಕ್ಕೆ ಅಂಟುವುದು ಬಿಡುವುದು 770 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ನಿಮಗೆ ಬೇಕಾದ್ದು 820ರಿಂದ 830. ನಡುವಿನ ಅಂತರಕ್ಕೆ ಅಡುಗೆ ಉಪ್ಪು ಸಾಕ್ಷಿ: ಅದು ಕರಗುವುದು 801 ಡಿಗ್ರಿಗೆ. ಬಿಸಿ ಅಲಗಿನ ಮೇಲೆ ಉದುರಿಸಿದ ಉಪ್ಪು ನೀರಾಗಿ ಹರಡಿದರೆ 801 ದಾಟಿದೆ. ಅಲ್ಲಿಂದ ಬಣ್ಣ ಒಂದೇ ಒಂದು ಛಾಯೆ ಏರುವಷ್ಟು ಕಾಯಿಸಿ, ಎರಡು ಮೂರು ನಿಮಿಷ ಅದೇ ಬಣ್ಣದಲ್ಲಿ ಇಟ್ಟು ಎಣ್ಣೆಗೆ ಇಳಿಸಿ. ಇದೆಲ್ಲ ಮಬ್ಬು ಬೆಳಕಿನಲ್ಲೇ ಆಗಬೇಕು. ಬಿಸಿಲಲ್ಲಿ ಕೆಂಪು ಬಣ್ಣ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ, ಕೈ ತಾನಾಗಿ ಹೆಚ್ಚು ಕಾಯಿಸಿಬಿಡುತ್ತದೆ.

ಎಣ್ಣೆ ಕ್ಯಾನೋಲಾ ಸಾಕು, 3–4 ಲೀಟರ್, ಮೊದಲೇ 50–60 ಡಿಗ್ರಿಗೆ ಬೆಚ್ಚಗೆ ಮಾಡಿದ್ದು. ತಣ್ಣಗಿನ ಎಣ್ಣೆ ಗಟ್ಟಿ, ಅಲಗಿನಿಂದ ಬಿಸಿ ಬೇಗ ಎಳೆಯುವುದಿಲ್ಲ. ಮೊನೆ ಮುಂದಾಗಿ ನೆಟ್ಟಗೆ ಇಳಿಸಿ. ಆಡಿಸುವುದಿದ್ದರೆ ಮೇಲೆ ಕೆಳಗೆ, ಅಥವಾ ಅಂಚು–ಬೆನ್ನಿನ ದಿಕ್ಕಿನಲ್ಲಿ. ಚಪ್ಪಟೆ ಬದಿಗೆ ಆಡಿಸಿದರೆ ಒಂದು ಮುಖ ಮೊದಲು ತಣಿದು ಅಲಗು ಬಾಗುತ್ತದೆ. ನೀರಿಗಂತೂ ಇಳಿಸಬೇಡಿ, ಟಣ್ಣೆಂದು ಬಿರುಕು ಬಿಡುತ್ತದೆ. ಪಾತ್ರೆ ಲೋಹದ್ದು, ಮುಚ್ಚಳ ಕೈಗೆಟಕುವಲ್ಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಬೇಕೇ ಹೊರತು ನೀರು ಹಾಕಬಾರದು.

ಎಣ್ಣೆಯಿಂದ ತೆಗೆದ ಕೂಡಲೇ ಅರ ಆಡಿಸಿ ನೋಡಿ, ಜಾರಬೇಕು. ಮೊದಲು ಸ್ವಲ್ಪ ಕಚ್ಚಿ ಆಮೇಲೆ ಜಾರಿದರೆ ಇಂಗಾಲ ಕಳೆದುಕೊಂಡ ಮೇಲ್ಪದರ ಅಷ್ಟೇ, ಒಳಗೆ ಗಟ್ಟಿ ಇದೆ. ತಡಮಾಡದೆ ಹದ ಇಳಿಸಲು, ಅಂದರೆ ಗಾಜಿನಂತೆ ಮುರಿಯುವ ಗುಣ ತಗ್ಗಿಸಲು, 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಒಲೆಯಲ್ಲಿಡಿ. ಗಡಸುತನ ರಾಕ್‌ವೆಲ್ 60ರ ಸುಮಾರಿಗೆ ನಿಲ್ಲುತ್ತದೆ. ಮನೆಯ ಓವನ್ನಿನ ಗುಂಡಿ ತೋರಿಸುವ ಅಂಕಿ ನಂಬಬೇಡಿ. ಒಂದು ತಟ್ಟೆ ಮರಳಿನಲ್ಲಿ ಅಲಗನ್ನು ಹೂತು, ಪಕ್ಕದಲ್ಲೇ ಬೇರೆ ಥರ್ಮಾಮೀಟರ್ ಇಡಿ.

ಅರಮತ್ತುಅಲಗು:
ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿ ಗುಜರಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಬೇರಿಂಗ್ ಉಕ್ಕು ಇಎನ್31 ಕೂಡ ಸಿಗುತ್ತದೆ. ಅವುಗಳಿಂದ ಆಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ, ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಹದಗಾರ:
ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಶೇ. 0.55–0.6 ಮಟ್ಟದ್ದು. ಕಡಿಯುವ ದೊಡ್ಡ ಕತ್ತಿಗೆ ಚೆನ್ನ. 22 ಡಿಗ್ರಿಯ ತೆಳು ಅಂಚಿಗೆ ತಂದರೆ ಗಂಟು ಮರದಲ್ಲಿ ಅಂಚು ಮಡಚಿಕೊಳ್ಳುತ್ತದೆ. ಜೊತೆಗೆ ವರ್ಷಗಟ್ಟಲೆ ಬಾಗಿ ಬಾಗಿ ದುಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅವು ಹೊರಬೀಳುವುದು ಎಣ್ಣೆಗೆ ಹಾಕಿದಾಗಲೇ, ಅಷ್ಟು ಹೊತ್ತಿಗೆ ಕೆಲಸವೆಲ್ಲ ಮುಗಿದಿರುತ್ತದೆ. ಇಎನ್31ರಲ್ಲಿ ಇಂಗಾಲ ಸುಮಾರು 1, ಕ್ರೋಮಿಯಂ 1.4ರ ಆಸುಪಾಸು. ಉಕ್ಕು ಉತ್ತಮವೇ, ಆದರೆ ಕ್ರೋಮಿಯಂ ಕಾರ್ಬೈಡ್ ಕರಗಲು 840ರ ಹತ್ತಿರ ಹತ್ತು ನಿಮಿಷವಾದರೂ ಅಲುಗದ ಉಷ್ಣತೆ ಬೇಕು. ತೆರೆದ ಕುಲುಮೆಯಲ್ಲಿ ಅದು ಆಗದ ಮಾತು.

ಅರಮತ್ತುಅಲಗು:
ಇನ್ನೊಂದು ತಕರಾರು ನನ್ನದು. ಸಾಣೆಕಲ್ಲು ಅವರು ಲೆಕ್ಕ ಹಾಕಿದ್ದು ಚಪ್ಪಟೆ ಬದಿಯ ಅಲಗಿಗೆ. ಅದು ಸ್ವೀಡನ್ನಿನ ಮೋರಾ ಊರಿನ ರೂಢಿ. ಅಲ್ಲಿ ಫ್ರಾಸ್ಟ್-ಎರಿಕ್ ಎರ್ಸನ್ 1891ರಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಪಟ್ಟಿ ಉಕ್ಕಿನ ಸರಳ ಅಲಗು ಜಗತ್ತಿಗೆಲ್ಲ ಹೋಯಿತು. ಫಿನ್ಲೆಂಡಿನ ಬಡಿದು ಮಾಡಿದ ಪೂಕ್ಕೊ ಬೇರೆ. ಹ್ಯೂರಿನ್‌ಸಾಲ್ಮಿಯ ಕಮ್ಮಾರ ಕಲ್ಲೆ ಕೆರಾನೆನ್‌ನಿಂದ ಬಂದ ತೊಮ್ಮಿ ಪೂಕ್ಕೊ ತೆಗೆದುಕೊಳ್ಳಿ, ಅಡ್ಡ ಕತ್ತರಿಸಿ ನೋಡಿದರೆ ವಜ್ರಾಕೃತಿ. ಎಲ್ಲಕ್ಕಿಂತ ದಪ್ಪ ಇರುವುದು ಬೆವೆಲ್‌ನ ಮೇಲ್ಗೆರೆಯಲ್ಲಿ. ಅಲ್ಲಿಂದ ಬೆನ್ನಿನ ಕಡೆಗೆ ಅಲಗು ಮತ್ತೆ ತೆಳುವಾಗುತ್ತದೆ.

ಇದು ಅಂದಕ್ಕಾಗಿ ಅಲ್ಲ. ಮರದೊಳಗೆ ಇಳಿದ ಅಲಗಿನ ಮೇಲ್ಭಾಗ ಮರಕ್ಕೆ ಉಜ್ಜುವುದಿಲ್ಲ, ಆಳವಾಗಿ ಕೆತ್ತುವಾಗ ಸಿಕ್ಕಿಕೊಳ್ಳುವುದಿಲ್ಲ, ತಿರುವು ಕೆತ್ತನೆಯಲ್ಲಿ ಅಲಗು ಸಲೀಸಾಗಿ ಹೊರಳುತ್ತದೆ. ಕುಲುಮೆಕಿಡಿ ಅವರ 4 ಮಿ.ಮೀ. ಪಟ್ಟಿಯಲ್ಲೇ ಇದನ್ನು ತರಬಹುದು: ಅಂಚಿನಿಂದ 10 ಮಿ.ಮೀ. ಮೇಲಿನ ಗೆರೆಯಲ್ಲಿ 4 ಮಿ.ಮೀ. ಹಾಗೇ ಬಿಟ್ಟು, ಅಲ್ಲಿಂದ ಬೆನ್ನಿಗೆ ಹೋಗುತ್ತ ಒಂದೊಂದು ಬದಿಯಲ್ಲಿ ಅರ್ಧ ಮಿ.ಮೀ. ಇಳಿಸಿ ಬೆನ್ನನ್ನು 3 ಮಿ.ಮೀ.ಗೆ ತನ್ನಿ. ಹಾಗಾಗಿ 4 ಮಿ.ಮೀ. ಪಟ್ಟಿಯನ್ನು ಬಿಡಬೇಡಿ. ಬೆವೆಲ್ ಲೆಕ್ಕ ಬದಲಾಗುವುದಿಲ್ಲ.

ಸಾಣೆಕಲ್ಲು:
ಒಪ್ಪಿದೆ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ವಜ್ರಾಕೃತಿಯಲ್ಲಿ ಎರಡೂ ಬದಿಯ ಏಣು ಒಂದೇ ಎತ್ತರದಲ್ಲಿಲ್ಲದಿದ್ದರೆ ಹದ ಹಾಕುವಾಗ ಬಾಗುವುದು ಖಂಡಿತ. ಹದಕ್ಕೆ ಮೊದಲು ಕ್ಯಾಲಿಪರ್ ಹಿಡಿದು ಬುಡ, ನಡು, ಮೊನೆಯ ಹತ್ತಿರ ಮೂರು ಕಡೆ ಅಳೆಯಿರಿ. ಅಷ್ಟಾಗಿಯೂ ಬಾಗಿದರೆ, ಎಣ್ಣೆಯಿಂದ ತೆಗೆದ ಮೊದಲ ಕೆಲವು ಸೆಕೆಂಡು ಅಲಗು ಇನ್ನೂ ಬಿಸಿ ಇರುವಾಗ ದಪ್ಪ ಕೈಗವಸು ತೊಟ್ಟು ನೇರ ಮಾಡಬಹುದು. ತಣಿದ ಮೇಲೆ ಒತ್ತಿದರೆ ಮುರಿಯುತ್ತದೆ. ಆಗ ಉಳಿದ ದಾರಿ, ಒಂದು ದಪ್ಪ ನೇರ ಪಟ್ಟಿಗೆ ಎದುರು ದಿಕ್ಕಿನಲ್ಲಿ ತುಸು ಬಾಗಿಸಿ ಕ್ಲ್ಯಾಂಪ್ ಹಾಕಿ ಎರಡನೇ ಸಲದ 200 ಡಿಗ್ರಿಗೆ ಇಡುವುದು.

ತುಓಹಿ_ತಾಂಪೆರೆ:
ಮೂರನೇ ಪ್ರಶ್ನೆಗೆ ಬರುತ್ತೇನೆ, ವಿವರವಾಗಿ ಬರೆಯಬೇಕಾದ ವಿಷಯ ಇದೇ. ತೊಗಟೆ ಹಿಡಿ ಸಡಿಲವಾಗಲು ಕಾರಣ ಸುತ್ತಿಗೆಯ ಹೊಡೆತ ಕಡಿಮೆಯಾದದ್ದಲ್ಲ. ತೊಗಟೆ ಒತ್ತಡದಲ್ಲಿ ದಿನಗಟ್ಟಲೆ ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಇವತ್ತು ಪೋಣಿಸಿ, ಇವತ್ತೇ ಒತ್ತಿ, ಇವತ್ತೇ ಬಡಿದು ಮುಗಿಸಿದರೆ ಆ ಕುಗ್ಗುವಿಕೆ ಆಮೇಲೆ ಹಿಡಿಯೊಳಗೇ ನಡೆಯುತ್ತದೆ. ಸಂದು ಬೀಳುವುದು ಅದರಿಂದ.

ತೊಗಟೆಯ ವಿಚಾರ ಮೊದಲು. ಫಿನ್ಲೆಂಡಿನ ಬೇಸಿಗೆಯ ನಡುವೆ, ಜೂನ್ ಕೊನೆ–ಜುಲೈನಲ್ಲಿ, ಮರದಲ್ಲಿ ರಸ ಏರಿರುವಾಗ ಹೊರತೊಗಟೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಳತೊಗಟೆಗೆ ಚೂರಿ ತಾಗದಿದ್ದರೆ ಮರ ಬದುಕುತ್ತದೆ. ಫಿನ್ಲೆಂಡಿನಲ್ಲಿ ಕಾಡಿನಲ್ಲಿ ಹಣ್ಣು, ಅಣಬೆ ಯಾರು ಬೇಕಾದರೂ ಆರಿಸಬಹುದು. ಜೀವಂತ ಮರದ ತೊಗಟೆ ಆ ಹಕ್ಕಿನೊಳಗೆ ಬರುವುದಿಲ್ಲ, ಜಮೀನಿನವರ ಅನುಮತಿ ಬೇಕೇ ಬೇಕು. ತೆಗೆದ ಹಾಳೆಗಳನ್ನು ಭಾರದ ಕೆಳಗೆ ಚಪ್ಪಟೆಯಾಗಿ ಒಣಗಿಸಿಡಬೇಕು.

ಬಿಳಿ ಬದಿಯಲ್ಲಿ ಕಾಗದದಂತೆ ಏಳುವ ಪದರಗಳನ್ನು ಒಂದೂ ಬಿಡದೆ ಕೆರೆದು ತೆಗೆಯಿರಿ. ಅವು ಉಳಿದರೆ ಒತ್ತಡ ಎಷ್ಟು ಕೊಟ್ಟರೂ ಆ ಜಾಗದಲ್ಲೇ ಜಾರುತ್ತದೆ. 35 × 40 ಮಿ.ಮೀ. ಚೂರು ಕತ್ತರಿಸಿ ನಡುವೆ ಬಾಲಕ್ಕೆ ಸೀಳು ಹೊಡೆಯಿರಿ. ಸೀಳಿಗೆ ಹಳೆಯ ಉಳಿಯನ್ನು ಬಾಲದ ಅಗಲಕ್ಕೆ ಉಜ್ಜಿ ಪಂಚ್ ಮಾಡಿಕೊಳ್ಳುವುದು ಉತ್ತಮ. ಬಾಲ ಬುಡದಲ್ಲಿ 8 ಮಿ.ಮೀ., ತುದಿಯಲ್ಲಿ 5 ಮಿ.ಮೀ. ಇದ್ದರೆ ಪಂಚ್ ಕೂಡ ಎರಡು ಅಳತೆಯದು ಬೇಕು. ಒಂದೇ ದೊಡ್ಡ ಸೀಳು ಎಲ್ಲಕ್ಕೂ ಹೊಡೆದರೆ ಹಿಂಭಾಗದ ಚೂರುಗಳು ಬಾಲದ ಸುತ್ತ ತಿರುಗಾಡುತ್ತವೆ. ಸೀಳು ಯಾವಾಗಲೂ ಬಾಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರಲಿ.

ಪೋಣಿಸುವಾಗ ಪ್ರತಿ ಚೂರನ್ನೂ ಹಿಂದಿನದಕ್ಕೆ 90 ಡಿಗ್ರಿ ತಿರುಗಿಸಿ. ತೊಗಟೆಗೆ ಸುರುಳಿಯಾಗುವ ಸ್ವಭಾವ ಇದೆ. ಅಡ್ಡ–ಉದ್ದ ಇಟ್ಟರೆ ಒಂದರ ಸುರುಳಿ ಇನ್ನೊಂದಕ್ಕೆ ಎದುರಾಗಿ ನಿಲ್ಲುತ್ತದೆ. ಇದಕ್ಕಾಗಿ 90 ಡಿಗ್ರಿಯಲ್ಲೂ ಸೀಳು ಹೊಡೆದ ಚೂರುಗಳು ಅರ್ಧದಷ್ಟು ಬೇಕಾಗುತ್ತವೆ, ಮೊದಲೇ ಎಣಿಸಿಕೊಳ್ಳಿ. 95 ಮಿ.ಮೀ. ಹಿಡಿಗೆ ಸಡಿಲವಾಗಿ ಸುಮಾರು 120 ಮಿ.ಮೀ. ಪೇರಿಸಬೇಕು.

ಈಗ ಒತ್ತುವುದು. ಎರಡು ದಪ್ಪ ಉಕ್ಕಿನ ಪಟ್ಟಿ, ಎರಡು 8 ಮಿ.ಮೀ. ಥ್ರೆಡ್ ಸರಳು, ನಾಲ್ಕು ನಟ್: ಇಷ್ಟೇ ಪ್ರೆಸ್. ಬಾಲದ್ದೇ ಅಳತೆಯ ಒಂದು ಸುಳ್ಳು ಬಾಲ ಮಾಡಿಕೊಂಡು ಪೇರಿಕೆಯನ್ನು ಅದರ ಮೇಲೆ ಒತ್ತಿ, 90–100 ಡಿಗ್ರಿ ಓವನ್ನಿನಲ್ಲಿ ಒಂದೆರಡು ಗಂಟೆ ಇಡಿ. ಬಿಸಿಗೆ ತೊಗಟೆ ಮೆತ್ತಗಾಗಿ ಒಂದಕ್ಕೊಂದು ಕೂರುತ್ತದೆ. ಬಿಸಿ ಇರುವಾಗಲೇ ನಟ್ ಬಿಗಿಮಾಡಿ. ಆಮೇಲೆ ದಿನಕ್ಕೊಮ್ಮೆ ಕಾಲು ಸುತ್ತು ಬಿಗಿಮಾಡುತ್ತ, ನಟ್ ಇನ್ನು ತಿರುಗುವುದಿಲ್ಲ ಅನ್ನುವವರೆಗೆ ಕಾಯಿರಿ. ಒಂದು ವಾರ ಹಿಡಿಯಬಹುದು. ಈ ವಾರವನ್ನು ಉಳಿಸಲು ಹೋದವರ ಹಿಡಿಗಳೇ ಸಡಿಲವಾಗುವುದು.

ಮಲೆನಾಡಮರ:
ಕರ್ನಾಟಕದಲ್ಲಿ ಕೂತು ಮಾಡುವವರಿಗೆ ಬರ್ಚ್ ತೊಗಟೆ ತರಿಸಿಕೊಳ್ಳುವುದೊಂದೇ ದಾರಿ. ಹಿಮಾಲಯದ ಭೂರ್ಜವೂ ಬರ್ಚ್ ಜಾತಿಯದ್ದೇ ಅಲ್ಲವೇ ಎಂಬ ಯೋಚನೆ ಬರುವುದು ಸಹಜ. ಅದರ ತೊಗಟೆ ಹಾಳೆ ಹಾಳೆಯಾಗಿ ಏಳುವಂಥದ್ದು, ಹಸ್ತಪ್ರತಿ ಬರೆಯಲು ಒದಗಿದ್ದೇ ಆ ಗುಣದಿಂದ. ಹಿಡಿಗೆ ಬೇಕಾದ್ದು ಅದಕ್ಕೆ ತದ್ವಿರುದ್ಧ, ಪದರ ಬಿಡದ ಒಂದೂವರೆ ಮಿ.ಮೀ. ದಪ್ಪದ ತೊಗಟೆ. ಮೇಲಾಗಿ ಭೂರ್ಜ ಈಗ ಕಷ್ಟದಲ್ಲಿರುವ ಮರ, ಅದನ್ನು ಮುಟ್ಟಲೇಬೇಡಿ.

ಮರದ ಹಿಡಿ ಸಾಕು ಅನ್ನುವವರಿಗೆ ಹುಣಸೆಯ ಚೇಗು ಗಟ್ಟಿ, ಎಳೆ ಬಿಗಿ. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಾಕುವ ಮೊದಲು ಅಸಿಟೋನ್‌ನಿಂದ ಒರೆಸಿ. ಬೀಟೆಗೆ ಅರಣ್ಯ ಇಲಾಖೆಯ ನಿಯಮಗಳಿವೆ, ಹಳೆಯ ಪೀಠೋಪಕರಣದ ತುಂಡು ಬಳಸಿದರೂ ವಿದೇಶಕ್ಕೆ ಕಳಿಸುವಾಗ ಕಾಗದಪತ್ರ ವಿಚಾರಿಸಿಕೊಳ್ಳಿ. ಅದರ ಹೊಟ್ಟು ಚರ್ಮಕ್ಕೂ ಶ್ವಾಸಕ್ಕೂ ಆಗದು, ಮಾಸ್ಕ್ ತಪ್ಪಿಸಬೇಡಿ.

ಮಳೆಗಾಲದಲ್ಲಿ ಮರ ಅಡ್ಡಕ್ಕೆ ಹಿಗ್ಗುತ್ತದೆ, ಹಿತ್ತಾಳೆ ಹಿಗ್ಗುವುದಿಲ್ಲ. ಜೂನ್‌ನಲ್ಲಿ ನುಣ್ಣಗಿದ್ದ ಕೂಡು ಆಗಸ್ಟ್‌ನಲ್ಲಿ ಬೆರಳಿಗೆ ಮೆಟ್ಟಿಲಿನಂತೆ ತಾಗುತ್ತದೆ. ಬೊಲ್‌ಸ್ಟರಿಗೂ ಮರಕ್ಕೂ ನಡುವೆ 2 ಮಿ.ಮೀ. ತೊಗಟೆ ಅಥವಾ ಚರ್ಮ ಇಟ್ಟರೆ ಉದ್ದಕ್ಕೆ ಆಗುವ ಸಣ್ಣ ಏರುಪೇರನ್ನು ಅದು ನುಂಗುತ್ತದೆ. ಅಡ್ಡ ಹಿಗ್ಗುವುದಕ್ಕೆ ಮದ್ದು ಮರವನ್ನು ಚೆನ್ನಾಗಿ ಒಣಗಿಸಿ ಅಗಸೆ ಎಣ್ಣೆ ಪದೇ ಪದೇ ಕುಡಿಸುವುದು ಮಾತ್ರ.

ಕುಲುಮೆಕಿಡಿ:
ಹಾಗಾದರೆ ಎಪಾಕ್ಸಿ ಬೇಕೇ ಬೇಡವೇ? ಹಳಬರು ಬಳಸುತ್ತಿರಲಿಲ್ಲ.

ತುಓಹಿ_ತಾಂಪೆರೆ:
ಚೂರುಗಳ ನಡುವೆ ಬೇಡ. ಅಂಟು ಹಾಕಿದ ಹಿಡಿ ಪ್ಲಾಸ್ಟಿಕ್‌ನಂತೆ ತಣ್ಣಗಾಗುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲೂ ಬೆಚ್ಚಗೆ ಹಿಡಿಯಲು ಸಿಗುವುದು, ಒದ್ದೆಯಾದರೂ ಜಾರದಿರುವುದು ತೊಗಟೆಯ ದೊಡ್ಡ ಗುಣ. ಅದನ್ನೇ ಕಳೆದುಕೊಂಡರೆ ಇಷ್ಟು ಶ್ರಮ ಯಾಕೆ?

ಅರಮತ್ತುಅಲಗು:
ಚೂರುಗಳ ನಡುವೆ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಬಾಲದ ಸುತ್ತ ಮಾತ್ರ ತೆಳ್ಳಗೆ ಹಚ್ಚಲೇಬೇಕು. ಕಾರಣ ಬಲ ಅಲ್ಲ, ನೀರು. ಬೊಲ್‌ಸ್ಟರಿನ ಸೀಳಿನಿಂದ ನುಸುಳಿದ ತೇವ ಒಳಗೇ ನಿಂತು ಬಾಲವನ್ನು ತುಕ್ಕು ಹಿಡಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕರಾವಳಿಯವರು ಇದನ್ನು ಬಿಡಲೇಬಾರದು. 24 ಗಂಟೆಯಲ್ಲಿ ಗಟ್ಟಿಯಾಗುವ ಎಪಾಕ್ಸಿ ಬಳಸಿ. ಐದು ನಿಮಿಷದ್ದು ಅಷ್ಟು ಉದ್ದಕ್ಕೆ ಒತ್ತುವಷ್ಟರಲ್ಲಿ ಹೆಪ್ಪಾಗಿರುತ್ತದೆ.

ಬೊಲ್‌ಸ್ಟರಿಗೆ 6 ಮಿ.ಮೀ. ಹಿತ್ತಾಳೆ. ಬಾಲ 3.5 ಮಿ.ಮೀ. ದಪ್ಪ ಇದ್ದರೆ 3 ಮಿ.ಮೀ. ಬಿಟ್ಟಿನಿಂದ ಸಾಲಾಗಿ ತೂತು ಹೊಡೆದು ಸೂಜಿ ಅರದಿಂದ ಜೋಡಿಸಿ. ಕೊನೆಯ ಒಂದೂವರೆ ಮಿ.ಮೀ. ಕೈಯಲ್ಲಿ ಒತ್ತಿದರೆ ಕೂರಬಾರದು, ಬಾಲದ ಮೇಲೆ ಕೊಳವೆ ಇಟ್ಟು ಬಡಿದೇ ಕೂರಿಸುವಂತಿರಬೇಕು. ಆಗ ಅಲಗಿನ ಸುತ್ತ ಬೆಳಕು ಹಾಯುವಷ್ಟೂ ಸಂದಿರುವುದಿಲ್ಲ.

ಹದಗಾರ:
ಬಾಲದ ತುದಿ ಬಡಿಯುವ ಮಾತಿಗೆ ಬಂದರೆ, ಅಲ್ಲಿ ಉಕ್ಕು ಮೆತ್ತಗಿರಬೇಕು. ಹದ ಹಾಕುವಾಗ ಬಾಲವನ್ನು ಎಣ್ಣೆಯ ಹೊರಗೇ ಹಿಡಿದಿದ್ದರೂ ಸಾಲದು. ಅಲಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತುದಿಯ 20 ಮಿ.ಮೀ.ಯನ್ನು ಟಾರ್ಚ್‌ನಿಂದ ಮಂಕು ಕೆಂಪಿಗೆ ಕಾಯಿಸಿ ಗಾಳಿಯಲ್ಲಿ ನಿಧಾನ ತಣಿಸಿ. ಇದನ್ನು ಹಿಡಿ ಜೋಡಿಸುವ ಮುಂಚೆಯೇ ಮುಗಿಸಿ. ಬಿಲ್ಲೆಯಿಂದ ಹೊರಗೆ 2 ಮಿ.ಮೀ. ಉಳಿಸಿ ಕತ್ತರಿಸಿ. 150–200 ಗ್ರಾಂ ತೂಕದ ದುಂಡುತಲೆ ಸುತ್ತಿಗೆ, ಹಗುರ ಏಟು, ಅಂಚಿನಿಂದ ಸುತ್ತಲೂ. ಹೆಚ್ಚು ಉದ್ದ ಉಳಿಸಿದರೆ ಬಾಲ ಅಗಲವಾಗುವ ಬದಲು ಒಳಗೆ ಬಾಗುತ್ತದೆ. ಜೋರು ಏಟು ಕೊಟ್ಟರೆ ಅಂಚು ನಕ್ಷತ್ರದಂತೆ ಒಡೆಯುತ್ತದೆ. ಅಲಗನ್ನು ವೈಸ್‌ನಲ್ಲಿ ಹಿಡಿಯುವಾಗ ಎರಡೂ ಬದಿಗೆ ತಾಮ್ರ ಅಥವಾ ಗಟ್ಟಿ ಚರ್ಮ ಇಡಿ, ಮೊನೆ ಕೆಳಗಿರುವುದನ್ನು ಮರೆಯಬೇಡಿ.

ತುಓಹಿ_ತಾಂಪೆರೆ:
ಹಿಡಿಗೆ ಆಕಾರ ಕೊಡುವಾಗ ಮೊದಲು ಹರಿತ ಚೂರಿಯಿಂದ ಮೂಲೆ ಕತ್ತರಿಸಿ, ಆಮೇಲೆ ರಾಸ್ಪ್. ಬೆಲ್ಟ್ ಸ್ಯಾಂಡರ್ ಬಳಸಿದರೆ ಹಿತ್ತಾಳೆ ಕಾದು ಪಕ್ಕದ ತೊಗಟೆ ಕರಿದಾಗುತ್ತದೆ. ಬಾಲದ ಉಕ್ಕಿನಿಂದ ಕಿಡಿಯೂ ಹಾರುತ್ತದೆ. ಒದ್ದೆಯಲ್ಲೂ ಬೆಂಕಿ ಹಚ್ಚಲು ಬಳಸುವ ವಸ್ತುವಿನ ಪುಡಿ ಸುತ್ತ ಇದೆ ಎಂಬುದು ನೆನಪಿರಲಿ. ಸ್ಯಾಂಡ್‌ಪೇಪರ್ 80, 120, 240. ಬೆರಳಿನಿಂದ ಉಜ್ಜಿದರೆ ತೊಗಟೆ ಬೇಗ ಸವೆದು ಹಿತ್ತಾಳೆ ಎದ್ದು ನಿಲ್ಲುತ್ತದೆ, ಹಾಗಾಗಿ ಕಾಗದದ ಹಿಂದೆ ಗಟ್ಟಿ ಮರದ ತುಂಡು ಇಡಿ. ಹಿತ್ತಾಳೆಯ ಪುಡಿ ತೊಗಟೆಗೆ ಮೆತ್ತಿಕೊಂಡರೆ ಮಸಿ ಬಣ್ಣ ಹೋಗುವುದು ಕಷ್ಟ. ಹಿತ್ತಾಳೆಯ ಕೊನೆಯ ಹೊಳಪು ಮುಗಿಸುವಾಗ ತೊಗಟೆಗೆ ಟೇಪ್ ಸುತ್ತಿ. ಎಣ್ಣೆ, ವಾರ್ನಿಷ್ ಯಾವುದೂ ಬೇಡ. ಕೈಯ ಜಿಡ್ಡೇ ಸಾಕು, ಬಣ್ಣ ತಾನಾಗಿ ಗಾಢವಾಗುತ್ತದೆ.

ಮಲೆನಾಡಮರ:
ಒರೆಯ ಬಗ್ಗೆ ಚಿಕ್ಕದಾಗಿ. ಸಸ್ಯರಸದಲ್ಲಿ ಹದ ಮಾಡಿದ (ವೆಜಿಟೇಬಲ್ ಟ್ಯಾನ್) ಚರ್ಮವೇ ಬೇಕು, 2–2.5 ಮಿ.ಮೀ. ಕ್ರೋಮ್ ಹದದ್ದು ಇಂಗಾಲದ ಉಕ್ಕಿಗೆ ತುಕ್ಕು ತರಿಸುತ್ತದೆ, ಒದ್ದೆ ಮಾಡಿ ಆಕಾರಕ್ಕೂ ಬರುವುದಿಲ್ಲ. ಅಲಗಿನ ಭಾಗಕ್ಕೆ ಒಳಗೆ ಎರಡು ತೆಳು ಮರದ ಸೀಳಿನ ಗೂಡು ಮಾಡಿ, ಫಿನ್ನರು ಲೆಸ್ತಾ ಅನ್ನುವುದು ಅದನ್ನೇ. ಹಿಡಿಯ ಮೂರನೇ ಎರಡು ಭಾಗ ಒರೆಯೊಳಗೆ ಹೋಗಬೇಕು. ಚೂರಿಯನ್ನು ಹಿಡಿದಿಡುವುದು ಹಿಡಿಯ ಉಬ್ಬು, ಗುಂಡಿ ಅಲ್ಲ. ಚರ್ಮವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಚೂರಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಹಿಂಬದಿಯಲ್ಲಿ ಮೇಣದ ದಾರದಿಂದ ಹೊಲಿಯಿರಿ. ತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು. ಮಳೆಗಾಲದಲ್ಲಿ ಚೂರಿಯನ್ನು ಒರೆಯೊಳಗೆ ಶೇಖರಿಸಿಡಬೇಡಿ.

ಕುಲುಮೆಕಿಡಿ:
ಇದೇ ವಿಧಾನದಲ್ಲಿ ಉತ್ತರ ಯೂರೋಪಿನ ಮೂಲನಿವಾಸಿಗಳಾದ ಸಾಮಿ ಜನರ ದೊಡ್ಡ ಲೆಉಕು ಮಾಡಬಹುದೇ?

ಅರಮತ್ತುಅಲಗು:
ವಿಧಾನ ಹತ್ತಿರದ್ದೇ, ಉದ್ದೇಶ ಬೇರೆ. ಲೆಉಕು ಕೊಂಬೆ ಕಡಿಯುವ ಚೂರಿ, ಅಲಗು 20 ಸೆಂ.ಮೀ. ಆಸುಪಾಸು. ಅದಕ್ಕೆ ಸ್ಪ್ರಿಂಗ್ ಉಕ್ಕು ಸರಿಹೊಂದುತ್ತದೆ, ಬಿರುಕಿಲ್ಲದ ಹೊಸ ಪಟ್ಟಿ ಆದರೆ. ಹದ ಇಳಿಸುವುದನ್ನು 240–250 ಡಿಗ್ರಿಗೆ ಏರಿಸಿ, ಕೋನ ಒಟ್ಟು 28–30 ಇರಲಿ. ಹಿಮಸಾರಂಗದ ಕೊಂಬಿನ ಮೇಲೆ ಸಾಮಿಗಳು ಕೊರೆಯುವ ಚಿತ್ತಾರಕ್ಕೆ ಪ್ರದೇಶವಾರು ಪರಂಪರೆ ಇದೆ: ದಕ್ಷಿಣದವರದ್ದು ರೇಖಾಗಣಿತದ ಹೆಣಿಗೆ, ಉತ್ತರದವರದ್ದು ಬೇರೆ. ಅವರ ಕರಕುಶಲಕ್ಕೆ ಸಾಮಿ ಡುಒಡ್ಜಿ ಎಂಬ ಗುರುತು ಇದೆ. ಆಕಾರದಿಂದ ಕಲಿಯಿರಿ, ಚಿತ್ತಾರ ನಕಲು ಮಾಡಿ ಸಾಮಿ ಚೂರಿ ಎಂದು ಮಾರಬೇಡಿ. ಭಾರತದಲ್ಲಿ ಮಾಡುವವರು ಶಸ್ತ್ರಾಸ್ತ್ರ ನಿಯಮವನ್ನೂ ನೋಡಿಕೊಳ್ಳಿ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಆದರೆ ಪ್ರಶ್ನೆ ಏಳುತ್ತದೆ. ಪೂಕ್ಕೊ ಆ ಗಡಿಯಿಂದ ಬಹಳ ಈಚೆಗಿದೆ.

ಸಾಣೆಕಲ್ಲು:
ಕೊನೆಗೆ ಮಸೆಯುವುದು. ಬೆವೆಲ್ ಪೂರ್ತಿ ಕಲ್ಲಿಗೆ ಅಂಟಿಕೊಂಡಿರಬೇಕು; ಕಲ್ಲಿನ ನುಣುಪು ಕ್ರಮವಾಗಿ 400, 1000, 3000 ಗ್ರಿಟ್. ಬೆವೆಲ್ ಮೇಲೆ ಮಾರ್ಕರ್ ಬಳಿದು ನಾಲ್ಕು ಸಲ ಎಳೆದು ನೋಡಿ. ಮೇಲ್ಗೆರೆಯಲ್ಲಿ ಮಸಿ ಉಳಿದರೆ ಕೈ ಎತ್ತಿದ್ದೀರಿ, ಅಂಚಿನಲ್ಲಿ ಉಳಿದರೆ ಇನ್ನೂ ಅಂಚು ಮುಟ್ಟಿಲ್ಲ, ನಡುವೆ ಉಳಿದರೆ ಕಲ್ಲು ಅಥವಾ ಬೆವೆಲ್ ತಗ್ಗಾಗಿದೆ. ವಿದ್ಯುತ್ ಸಾಣೆಯಲ್ಲಿ ಅಂಚು ನೀಲಿಗೆ ತಿರುಗಿದರೆ 300 ಡಿಗ್ರಿ ಹತ್ತಿರ ಹೋಗಿದೆ, ಅಷ್ಟು ಉಕ್ಕು ಮೆತ್ತಗಾಯಿತು. ನೀಲಿ ಹೋಗುವವರೆಗೆ ಕೈಯಲ್ಲೇ ಉಜ್ಜಿ ತೆಗೆಯಬೇಕು.

ಹದಗಾರ:
ಸೂಕ್ಷ್ಮ ಬೆವೆಲ್, ಅಂದರೆ ಅಂಚಿನ ತುದಿಯಲ್ಲಿ ಸ್ವಲ್ಪ ಹೆಚ್ಚು ಕೋನದ ಕಿರು ಇಳಿಜಾರು, ಅದರ ಬಗ್ಗೆ ಹೇಳಲಿಲ್ಲ. ನಾನಂತೂ ಹಾಕುವ ಪಕ್ಷ.

ಸಾಣೆಕಲ್ಲು:
ಮೊದಲೇ ಬೇಡ. ಬೆವೆಲ್ ನೇರವಾಗಿ ಸೊನ್ನೆ ದಪ್ಪಕ್ಕೆ ಇಳಿದ ಅಂಚಿನಲ್ಲಿ ಒಣ ಪೈನ್ ಮರದ ಗಂಟನ್ನು ಹತ್ತು ಸಲ ಕೆತ್ತಿ, ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಹೊಳೆಯುವ ಚುಕ್ಕಿ ಕಂಡರೆ ಮಾತ್ರ 3000ದ ಕಲ್ಲಿನಲ್ಲಿ ಒಂದು ಬದಿಗೆ 15 ಡಿಗ್ರಿಯಲ್ಲಿ ಎರಡೆರಡು ಸಲ ಎಳೆಯಿರಿ, ಮತ್ತೆ ಅದೇ ಗಂಟು. ಚುಕ್ಕಿ ಇಲ್ಲದಿದ್ದರೆ ಹಾಗೇ ಬಿಡಿ. ಎರಡನೇ ಸಲವೂ ಅಂಚು ಮಡಚಿಕೊಂಡರೆ ದೋಷ ಕೋನದ್ದಲ್ಲ, ಹದದ್ದು. ಮುರಿದು ಉದುರಿದರೆ ಹಿಡಿ ಜೋಡಿಸುವ ಮುಂಚೆಯೇ 215 ಡಿಗ್ರಿಗೆ ಇನ್ನೊಂದು ಸಲ ಓವನ್ನಿನಲ್ಲಿಡಿ. ಆದ್ದರಿಂದ ಈ ಪರೀಕ್ಷೆ ಬರಿಯ ಬಾಲಕ್ಕೆ ಬಟ್ಟೆ ಬಿಗಿಯಾಗಿ ಸುತ್ತಿಕೊಂಡೇ ಮಾಡಬೇಕು, ತೊಗಟೆ ಪೋಣಿಸಿದ ಮೇಲೆ ಅಲ್ಲ.